ಪರಕಾಯ ಪ್ರವೇಶ ವಿದ್ಯೆ

ರಾಯದುರ್ಗ, ಮಡಕಶಿರಗಳಂಥ ಗಡಿಯೂರುಗಳಲ್ಲಿ ಕನ್ನಡ ಲಗ್ನಪತ್ರಿಕೆಯನ್ನೂ ತೆಲುಗು ಕರಪತ್ರವನ್ನೂ ಒಂದೇ ಮೇಜಿನ ಮೇಲೆ ಜೋಡಿಸುವ ಡಿ.ಟಿ.ಪಿ. ಅಂಗಡಿಯವರಲ್ಲಿ, ಡಾಸ್ ಕಾಲದ ಫ್ಲಾಪಿಗಳನ್ನು ಇನ್ನೂ ಜತನದಿಂದ ಇರಿಸಿಕೊಂಡವರು ಯಾರಾದರೂ ಇದ್ದರೆ, ಈ ವಾರದ ಬರಹ ಮುಖ್ಯವಾಗಿ ಅವರಿಗಾಗಿ. 16 ಬಿಟ್ಟಿನ ಆ ತಂತ್ರಾಂಶಗಳನ್ನು ಇಂದಿನ 64 ಬಿಟ್ಟಿನ ವಿಂಡೋಸ್ ಹೊಸ್ತಿಲಲ್ಲೇ ತಡೆದು ಹಿಂದಕ್ಕೆ ಕಳುಹುತ್ತದೆ. ಆರ್ಮ್ ಪ್ರೊಸೆಸರಿನ ಯಂತ್ರವಾದರೋ ಇಂಟೆಲ್‌ನ ಆದೇಶಗಳನ್ನು ತಾನಾಗಿ ಅರಿಯದು. ಆಗ ನೆರವಿಗೆ ಬರುವುದು ಹಳೆಯ ಯಂತ್ರವನ್ನು ಹೊಸದರ ಮೇಲೆ ಅನುಕರಿಸುವ ತಂತ್ರಾಂಶವಾದ ಎಮ್ಯುಲೇಟರ್.

ಪ್ರೊಸೆಸರನ್ನು ಅನುಕರಿಸುವುದಕ್ಕೆ ಎರಡು ಮಾರ್ಗಗಳುಂಟು: ಸಭೆಯ ದುಭಾಷಿಯಂತೆ ಪ್ರತಿಯೊಂದು ಆದೇಶವನ್ನೂ ಆಗಿಂದಾಗ ಓದಿ ಅರ್ಥವನ್ನು ಒಪ್ಪಿಸುತ್ತ ಹೋಗುವುದು ಒಂದು, ಆದೇಶಗಳ ಗುಚ್ಛವನ್ನೇ ಹೊಸ ಯಂತ್ರದ ಭಾಷೆಗೆ ಪರಿವರ್ತಿಸಿಟ್ಟುಕೊಂಡು, ಮರಳಿ ಬೇಕಾದಾಗ ಆ ರೂಪವನ್ನೇ ನಡೆಸುವುದು ಇನ್ನೊಂದು. ಮೊದಲನೆಯದು ನಿಧಾನ, ಎರಡನೆಯದು ವೇಗ. ಆ್ಯಪಲ್ ಸಂಸ್ಥೆಯು 2020ರಲ್ಲಿ ಎಂ1 ಚಿಪ್ಪಿನೊಡನೆ ತಂದ ರೊಸೆಟಾ 2 ಈ ಎರಡನೆಯ ಮಾರ್ಗದ ಪರಾಕಾಷ್ಠೆ. ಮೆಮೊರಿಗೆ ಬರೆಯುವ ಕ್ರಮದಲ್ಲಿ ಇಂಟೆಲ್ ಪಾಲಿಸುವ ಕಟ್ಟುನಿಟ್ಟನ್ನು ಆರ್ಮ್ ಸಾಮಾನ್ಯವಾಗಿ ಪಾಲಿಸದಾದುದರಿಂದ, ಬೇಕೆಂದಾಗ ಆ ಶಿಸ್ತನ್ನೇ ಅನುಸರಿಸುವ ವ್ಯವಸ್ಥೆಯನ್ನು ಚಿಪ್ಪಿನೊಳಗೇ ಅಳವಡಿಸಿದ ಶಿಲ್ಪಿಗಳ ದೂರದೃಷ್ಟಿಗೆ ನಾನು ತಲೆಬಾಗದಿರಲಾರೆ.

ಇಷ್ಟಾದರೂ ಪ್ರೊಸೆಸರಿನ ಅನುಕರಣವು ಈ ವಿದ್ಯೆಯ ಸುಲಭ ಭಾಗವೆಂದೇ ನನ್ನ ಮತ. ಕಷ್ಟವಿರುವುದು ಪರದೆಯೇ ಮೊದಲಾದ ಸಾಧನಗಳ ಅನುಕರಣದಲ್ಲಿ. ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಕೆ. ಪಿ. ರಾಯರು ರೂಪಿಸಿದ ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶದ ಕಾಲವನ್ನು ನೆನೆಯಿರಿ. ಡಾಸ್‌ನ ಅಕ್ಷರಪರದೆಯಲ್ಲಿ ಸಾಲಿಗೆ 80 ಮನೆಗಳಂತೆ 25 ಸಾಲುಗಳು, ಮನೆಗೊಂದು ಅಕ್ಷರ. ‘ರಾಷ್ಟ್ರ’ವೆಂದು ಬರೆಯಹೊರಟರೆ ಷಕಾರದ ಕೆಳಗೆ ಟಕಾರದ ಒತ್ತೂ ಅದರ ಬೆನ್ನಿಗೆ ರಕಾರದ ಒತ್ತೂ ಇಳಿಯುವುದಕ್ಕೆ ಆ ಮನೆಯಲ್ಲಿ ತೆರಪೆಲ್ಲಿ? ಆದಕಾರಣ ಕನ್ನಡವನ್ನು ಮೂಡಿಸಬೇಕೆಂದರೆ ಚಿತ್ರಪರದೆಗೆ ಹೊರಳಿ ಒಂದೊಂದು ಚುಕ್ಕಿಯನ್ನೂ ತಂತ್ರಾಂಶವು ತಾನೇ ಇಡಬೇಕಾಗಿತ್ತು. ಇಲ್ಲವೇ ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡಿನಂಥ ಸಾಧನವನ್ನು ಯಂತ್ರದೊಳಕ್ಕೆ ಸಿಕ್ಕಿಸಬೇಕಾಗಿತ್ತು. ಮೊದಲ ಬಗೆಯವು 2002ರಲ್ಲಿ ಹೊರಬಂದ ಎಮ್ಯುಲೇಟರಾದ ಡಾಸ್‌ಬಾಕ್ಸ್‌ನಲ್ಲಿ ನಡೆದಾವು, ಏಕೆಂದರೆ ಅದು ಪ್ರೊಸೆಸರಿನೊಡನೆ ವಿಜಿಎ ಕಾರ್ಡನ್ನೂ ಅನುಕರಿಸುತ್ತದೆ. ಜಿಸ್ಟ್ ಕಾರ್ಡನ್ನೇ ನೆಚ್ಚಿದವು ಆ ಕಾರ್ಡಿನ ಅನುಕರಣವಿಲ್ಲದೆ ಮೂಕವಾಗಿ ನಿಲ್ಲುತ್ತವೆ.

ಹೊಸಬರು ವೇಗದ ಮೋಹವನ್ನು ಬಿಡುವುದು ಒಳಿತು. ಟರ್ಬೊ ಪಾಸ್ಕಲ್‌ನಲ್ಲಿ ರಚಿತವಾದ ಅನೇಕ ಹಳೆಯ ಪ್ರೋಗ್ರಾಮುಗಳು ವೇಗದ ಯಂತ್ರದ ಮೇಲೆ ‘ರನ್‌ಟೈಮ್ ಎರರ್ 200’ ಎಂದು ಮೊದಲ ಹೆಜ್ಜೆಗೇ ಮುಗ್ಗರಿಸುತ್ತವೆ. ಕಾಲವನ್ನು ಅಳೆಯಲೆಂದು ಆರಂಭದಲ್ಲಿ ಮಾಡುವ ಭಾಗಾಕಾರದ ಉತ್ತರವು ಅದಕ್ಕೆಂದು ಮೀಸಲಿಟ್ಟ ಜಾಗವನ್ನು ಮೀರುವುದೇ ಕಾರಣ. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಒತ್ತಿಹಿಡಿದು ಎಫ್11 ಒತ್ತಿದರೆ ವೇಗ ತಗ್ಗುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಪುಟವನ್ನು ಅಚ್ಚಿಗೆ ತೆಗೆಯಬೇಕಾದವರು ಮಾತ್ರ ಡಾಸ್‌ಬಾಕ್ಸ್-ಎಕ್ಸ್ ಎಂಬ ಕವಲನ್ನು ಹಿಡಿಯಬೇಕು. ಅದು ಹಳೆಯ ಎಪ್ಸನ್ ಪ್ರಿಂಟರನ್ನೂ ಅನುಕರಿಸಿ ಪುಟವನ್ನು ಚಿತ್ರದ ಫೈಲಾಗಿ ಕೈಗಿಡುತ್ತದೆ, ಅದನ್ನು ಇಂದಿನ ಯಾವ ಪ್ರಿಂಟರಿನಲ್ಲಾದರೂ ತೆಗೆದುಕೊಳ್ಳಬಹುದು.