ಅಳಿಸುವ ಮುನ್ನ ಓದತಕ್ಕದ್ದು

ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯನ್ನು ಎಷ್ಟೇ ಹಸನುಗೊಳಿಸಿದರೂ ವಿಂಡೋಸಿನಲ್ಲಿ ಹೇಳದೆ ಕೇಳದೆ ಏಳುವ ಕೆಲಸಗಳು ನಿಲ್ಲುವುದಿಲ್ಲವೆಂದೂ, ಅವುಗಳ ದೊಡ್ಡ ನೆಲೆ ಟಾಸ್ಕ್ ಶೆಡ್ಯೂಲರ್ ಎಂದೂ ಕಳೆದ ವಾರ ಬರೆದು, ಅಲ್ಲಿಂದ ಬೇಡದವನ್ನು ತೆಗೆಯುವ ಕ್ರಮವನ್ನು ಈ ವಾರ ನಿರೂಪಿಸುವುದಾಗಿ ಮಾತು ಕೊಟ್ಟಿದ್ದೆನು. ಅನಂತರ ಬಂದ ಓಲೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯನ್ನು ಕೇಳುತ್ತವೆ: ಅಲ್ಲಿರುವುದೆಲ್ಲವನ್ನೂ ಒಂದೇ ಏಟಿಗೆ ಅಳಿಸಿಬಿಡುವ ಸ್ಕ್ರಿಪ್ಟ್ ಯಾವುದಾದರೂ ಉಂಟೆ? ಉಂಟು, ಬೇಕಾದಷ್ಟು ಉಂಟು. ಅವುಗಳಲ್ಲಿ ಒಂದನ್ನೂ ನಾನು ಶಿಫಾರಸು ಮಾಡಲಾರೆನು.

ಈ ಸಂಹಾರಪಂಥದವರೊಡನೆ ನನ್ನ ವಿವಾದವು ರಿಜಿಸ್ಟ್ರಿ ಕ್ಲೀನರುಗಳ ಕಾಲದಷ್ಟು ಹಳೆಯದು. ಯಂತ್ರದ ವೇಗವು ಅಳಿಸಿದ ಸಾಲುಗಳ ಸಂಖ್ಯೆಗೆ ಅನುಗುಣವಾಗಿ ವೃದ್ಧಿಸುವುದೆಂಬುದು ಅವರ ಸಿದ್ಧಾಂತ. ಯಾವ ಸಾಲು ಏನು ಮಾಡುತ್ತದೆಂಬ ವಿಚಾರಣೆ ಅವರ ಶಾಸ್ತ್ರದಲ್ಲಿ ಇಲ್ಲ. ಅವರ ಪಟ್ಟಿಗಳಲ್ಲಿ ಪದೇ ಪದೇ ಬಲಿಯಾಗುವ ಶೆಡ್ಯೂಲ್ಡ್‌ಡಿಫ್ರಾಗ್ ಎಂಬುದನ್ನೇ ನೋಡಿರಿ. ಎಸ್‌ಎಸ್‌ಡಿಗೆ ಡಿಫ್ರಾಗ್ ಬೇಡವೆಂಬ ಅರ್ಧಜ್ಞಾನದಿಂದ ಇದನ್ನು ಕಿತ್ತೆಸೆಯುವವರು, ಹೆಸರು ಹಳೆಯದಾಗಿ ಉಳಿದರೂ ಕೆಲಸ ಬದಲಾಗಿದೆಯೆಂಬುದನ್ನು ಗಮನಿಸುವುದಿಲ್ಲ. ಅದು ಎಸ್‌ಎಸ್‌ಡಿಯನ್ನು ಗುರುತಿಸಿ, ಅಲ್ಲಿ ಟ್ರಿಮ್ ಎಂಬ ಆದೇಶವನ್ನು ಪುನಃ ಕಳುಹಿಸುತ್ತದೆ. ಕಡತವೊಂದು ಅಳಿದಾಗ ಅದರ ಜಾಗ ತೆರವಾಯಿತೆಂಬ ವಾರ್ತೆ ಡ್ರೈವಿಗೆ ಮುಟ್ಟದೆ ಹೋಗಿದ್ದರೆ ಆ ಲೋಪವನ್ನು ತುಂಬುವುದು ಈ ನಿಯತಕಾರ್ಯವೇ. ಯಾವ ಡ್ರೈವಿನ ಕ್ಷೇಮಕ್ಕೆಂದು ಅದನ್ನು ತೆಗೆದರೋ ಆ ಡ್ರೈವಿಗೇ ಅದರಿಂದ ಹಾನಿ.

ಹಾಗೆಂದು ಅಲ್ಲಿರುವುದೆಲ್ಲವೂ ಪೂಜ್ಯವೆಂದು ನಾನು ಹೇಳುತ್ತಿಲ್ಲ. ಎಂದೋ ಅನ್‌ಇನ್‌ಸ್ಟಾಲ್ ಮಾಡಿದ ಪ್ರಿಂಟರಿನ ಸಹಾಯಕ ತಂತ್ರಾಂಶವು ತಾನು ಹೋದರೂ ತನ್ನ ಟಾಸ್ಕನ್ನು ಬಿಟ್ಟುಹೋಗುತ್ತದೆ. ಕಡತ ಸಿಗಲಿಲ್ಲವೆಂಬ ಅರ್ಥದ 0ಎಕ್ಸ್2 ಎಂಬ ಸಂಕೇತವು ಲಾಸ್ಟ್ ರನ್ ರಿಸಲ್ಟ್ ಅಂಕಣದಲ್ಲಿ ಕಂಡರೆ ಅದು ಬಹುಮಟ್ಟಿಗೆ ಇಂಥ ಅನಾಥವೇ. ಇನ್ನು ಜೀವಂತವಾಗಿರುವವುಗಳ ವಿಷಯ. ಆಥರ್ ಎಂಬಲ್ಲಿ ಬರೆದಿರುವ ಹೆಸರನ್ನು ಪ್ರಮಾಣವೆಂದು ಭಾವಿಸಕೂಡದು. ಅಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದು. ನೋಡತಕ್ಕದ್ದು ಆಕ್ಷನ್ಸ್ ಪುಟವನ್ನು. ಚಾಲನೆಗೊಳ್ಳುವ ಪ್ರೋಗ್ರಾಂ, ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿದೆಯೋ, ಬಳಕೆದಾರನ ಟೆಂಪ್ ಫೋಲ್ಡರಿನಲ್ಲಿ ಅಡಗಿದೆಯೋ, ಪವರ್‌ಶೆಲ್ಲಿನ ಹಿಂದೆ ಅರ್ಥವಾಗದ ಉದ್ದನೆಯ ಅಕ್ಷರಮಾಲೆಯೊಂದು ಬಾಲದಂತೆ ಜೋತಿದೆಯೋ ಎಂಬುದು ಅಲ್ಲಿ ಬಯಲಾಗುತ್ತದೆ. ಸಂದೇಹ ಬಂದುದನ್ನು ಎಕ್ಸ್‌ಪೋರ್ಟ್ ಮಾಡಿ ಪ್ರತಿಯಿರಿಸಿಕೊಂಡು, ಮೊದಲು ಡಿಸೇಬಲ್ ಮಾಡಿ, ಅದರ ಟ್ರಿಗರ್ ತಿಂಗಳಿಗೊಮ್ಮೆಯದಾದರೆ ತಿಂಗಳು ಪೂರ್ತಿ ಕಾದು, ಯಾವ ಕೊರತೆಯೂ ತೋರದಿದ್ದರೆ ಮಾತ್ರ ಡಿಲೀಟ್ ಮಾಡುವುದು ಯುಕ್ತ. ಅಳಿಸಿದರೂ ಮರಳಿ ಹುಟ್ಟುವ ಟಾಸ್ಕುಗಳೂ ಉಂಟು. ಅವನ್ನು ಸೃಷ್ಟಿಸುವ ಪ್ರೋಗ್ರಾಂ ಯಂತ್ರದಲ್ಲಿರುವವರೆಗೆ ಅವುಗಳಿಗೆ ಸಾವಿಲ್ಲವಾದ್ದರಿಂದ, ಆ ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿಯೇ ಅವನ್ನು ನಿಲ್ಲಿಸಬೇಕು.

ಪಟ್ಟಿಯಲ್ಲಿ ಕಾಣದಿರುವುದು ಇಲ್ಲವೆಂದಲ್ಲ. 2022ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ವರ್ಣಿಸಿದ ಟರಾಸ್ಕ್ ಎಂಬ ದುಷ್ಟ ತಂತ್ರಾಂಶವು ತನ್ನ ಟಾಸ್ಕನ್ನು ನೋಂದಾಯಿಸಿ, ಬಳಿಕ ರಿಜಿಸ್ಟ್ರಿಯ ಟಾಸ್ಕ್‌ಕ್ಯಾಶ್ ಶಾಖೆಯಲ್ಲಿ ಅದಕ್ಕೆ ಸಂಬಂಧಿಸಿದ ಎಸ್‌ಡಿ ಎಂಬ ಭದ್ರತಾ ಮೌಲ್ಯವನ್ನು ಅಳಿಸಿಬಿಡುತ್ತಿತ್ತು. ಅಷ್ಟರಿಂದಲೇ ಆ ಟಾಸ್ಕು ಶೆಡ್ಯೂಲರಿನ ಕಿಟಕಿಯಿಂದಲೂ ಎಸ್‌ಸಿಎಚ್‌ಟಾಸ್ಕ್ಸ್ ಆದೇಶದ ಉತ್ತರದಿಂದಲೂ ಮಾಯವಾಗಿ, ಕೆಲಸವನ್ನು ಮಾತ್ರ ನಿರಾತಂಕವಾಗಿ ನಡೆಸುತ್ತಿತ್ತು. ಬೇಡದ ನಿಯತಕಾರ್ಯಗಳಲ್ಲಿ ಅತ್ಯಂತ ಬೇಡವಾದದ್ದು ಇಂಥದು. ಯಾವ ಸಿದ್ಧಪಟ್ಟಿಯ ಸ್ಕ್ರಿಪ್ಟೂ ಇದನ್ನು ಮುಟ್ಟಲಾರದು.

ಉಳಿದ ಸೋಪಾನಗಳನ್ನೂ ವಿವರಿಸಬೇಕೆಂದಿದ್ದೆನು. ಆದರೆ ಇಷ್ಟು ಬರೆಯುವಷ್ಟರಲ್ಲಿ ಮನಸ್ಸು ಇಂಥದೇ ಕೆಲಸ ಮಾಡುವ ಯೂನಿಕ್ಸಿನ ಕ್ರಾನ್ ಕಡೆಗೆ ಹೊರಳಿದೆ, ಅದನ್ನು ತಡೆಯುವ ಇಚ್ಛೆ ನನಗಿಲ್ಲ. ಬೆಲ್ ಲ್ಯಾಬ್ಸಿನಿಂದ 1979ರಲ್ಲಿ ಹೊರಬಂದ ಏಳನೆಯ ಆವೃತ್ತಿಯ ಯೂನಿಕ್ಸಿನಲ್ಲಿಯೇ ಇದ್ದ ಈ ವ್ಯವಸ್ಥೆಗೆ, 1987ರಲ್ಲಿ ಪಾಲ್ ವಿಕ್ಸಿಯವರು ಬರೆದ ರೂಪದಿಂದ ವ್ಯಾಪಕ ಪ್ರಚಾರ ದೊರೆಯಿತು. ಅದರೊಡನೆ ಬರುವ, ಕ್ರಾನ್‌ಟ್ಯಾಬ್ ಎಂಬ ಕೆಲಸಗಳ ಪಟ್ಟಿಯನ್ನು ಕುರಿತ ಕೈಪಿಡಿಯ ಪುಟವನ್ನು ನಾನು ಈ ವಿಷಯದ ಅಭಿಜಾತ ಗ್ರಂಥವೆಂದೇ ಮಾನ್ಯಮಾಡುತ್ತೇನೆ. ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರದ ದಿನ—ಈ ಐದು ಸ್ಥಾನಗಳು, ಆರನೆಯದಾಗಿ ಆದೇಶ. ಕಾಲಗಣನೆಯ ಸರ್ವಸ್ವವೂ ಒಂದು ಸಾಲಿನಲ್ಲಿ. ತಿಂಗಳ ದಿನ, ವಾರದ ದಿನ ಎರಡನ್ನೂ ನಿರ್ದೇಶಿಸಿದರೆ ಎರಡೂ ಕೂಡಿಬರುವವರೆಗೆ ಕ್ರಾನ್ ಕಾಯುವುದಿಲ್ಲ, ಯಾವುದೊಂದು ಹೊಂದಿದರೂ ಕೆಲಸ ನಡೆಸುತ್ತದೆ ಎಂಬ ಸೂಕ್ಷ್ಮವನ್ನು ಆ ಪುಟ ಸ್ಪಷ್ಟವಾಗಿ ಎಚ್ಚರಿಸಿ, ತಿಂಗಳ 1 ಮತ್ತು 15ನೆಯ ತಾರೀಖುಗಳ ಜೊತೆಗೆ ಪ್ರತಿ ಶುಕ್ರವಾರವೂ ಬೆಳಗಿನ ನಾಲ್ಕೂವರೆಗೆ ಏಳುವ ಸಾಲೊಂದನ್ನು ಉದಾಹರಿಸುತ್ತದೆ. ವಾರಕ್ಕೊಮ್ಮೆಗಿಂತ ಹೆಚ್ಚಾಗಿ ನಡೆಯುವ ಕೆಲಸವನ್ನು ಕೆಟ್ಟುಹೋಗಿದೆಯೆಂದು ತಿಳಿದು ಅಳಿಸಹೊರಡುವವನು ಈ ಒಂದು ವಾಕ್ಯವನ್ನು ಓದಿದ್ದರೆ ಸಾಕಿತ್ತು.

ಇಲ್ಲಿ ತೆಗೆದುಹಾಕುವ ಕ್ರಿಯೆಯೂ ಸುಂದರ: ಸಾಲಿನ ಮೊದಲಿಗೆ ಹ್ಯಾಷ್ ಚಿಹ್ನೆಯೊಂದನ್ನು ಇಟ್ಟರೆ ಅದು ಟಿಪ್ಪಣಿಯಾಗಿ ನಿದ್ರಿಸುತ್ತದೆ, ಚಿಹ್ನೆಯನ್ನು ಅಳಿಸಿದರೆ ಮತ್ತೆ ಎಚ್ಚರಗೊಳ್ಳುತ್ತದೆ. ಹ್ಯಾಷ್ ಇಟ್ಟ ಸಾಲಿನ ಮೇಲೆ, ಯಾವ ದಿನ ಯಾವ ಕಾರಣಕ್ಕೆ ನಿಲ್ಲಿಸಲಾಯಿತೆಂದು ಒಂದು ಮಾತು ಬರೆದಿಡುವುದು ಮುಂದೆ ಆ ಯಂತ್ರವನ್ನು ನೋಡಿಕೊಳ್ಳುವವರಿಗೆ ನಾವು ಸಲ್ಲಿಸಬೇಕಾದ ಋಣ. ಬಳಕೆದಾರರ ಪಟ್ಟಿಯಲ್ಲಿ ಸಿಗದ ಕೆಲಸವನ್ನು ಇಟಿಸಿಯೊಳಗಿನ ಕ್ರಾನ್.ಡಿ ಮತ್ತು ಕ್ರಾನ್.ಡೈಲಿ ಫೋಲ್ಡರುಗಳಲ್ಲಿ ಹುಡುಕಬೇಕು. ಈಚಿನ ಲಿನಕ್ಸಿನಲ್ಲಿ ಸಿಸ್ಟಮ್‌ಡಿಯ ಟೈಮರುಗಳನ್ನೂ ಕೇಳಿ ನೋಡಬೇಕು. ಟೈಮರನ್ನು ಸ್ಟಾಪ್ ಮಾಡಿದರಷ್ಟೇ ಸಾಲದು, ಡಿಸೇಬಲ್ ಮಾಡದಿದ್ದರೆ ಯಂತ್ರ ಮತ್ತೆ ಬೂಟ್ ಆದಾಗ ಅದು ಹಾಜರಾಗುತ್ತದೆ.

ಕ್ರಾನ್‌ಟ್ಯಾಬಿನಲ್ಲಿ ಒಂದು ಕ್ರೌರ್ಯವೂ ಇದೆ, ಅದನ್ನು ಮುಚ್ಚಿಡಲಾಗದು. ಕ್ರಾನ್‌ಟ್ಯಾಬ್ ಆದೇಶದೊಡನೆ ಕೊಡುವ ಅಕ್ಷರಗಳಲ್ಲಿ ತಿದ್ದುವುದಕ್ಕೆ ಇ, ಸಮೂಲವಾಗಿ ಅಳಿಸುವುದಕ್ಕೆ ಆರ್. ಈ ಎರಡು ಕೀಲಿಗಳು ಕೀಲಿಮಣೆಯಲ್ಲಿ ಅಕ್ಕಪಕ್ಕದವು, ಮತ್ತು ಆರ್ ಒತ್ತಿದಾಗ ಪಟ್ಟಿ ಪೂರ್ತಿ ಹೋಗುತ್ತದೆಯೇ ಹೊರತು ನಿಶ್ಚಯವೇ ಎಂಬ ಪ್ರಶ್ನೆಯೂ ಬರುವುದಿಲ್ಲ. ಆರ್ ಜೊತೆಗೆ ಐ ಸೇರಿಸಿದರೆ ಪ್ರಶ್ನೆ ಬರುತ್ತದೆ ನಿಜ. ಆದರೆ ಇ ಒತ್ತಲು ಹೋಗಿ ಆರ್ ಒತ್ತಿದವನು ಐ ಸೇರಿಸಿರುವುದಿಲ್ಲ. ಆದ್ದರಿಂದ ತಿದ್ದುಪಡಿಗೆ ಕೈಹಾಕುವ ಮೊದಲು, ಎಲ್ ಕೊಟ್ಟು ಬರುವ ಪಟ್ಟಿಯನ್ನು ಬೇರೊಂದು ಕಡತಕ್ಕೆ ಇಳಿಸಿಟ್ಟುಕೊಳ್ಳಿರಿ. ಹೋದ ಪಟ್ಟಿಯನ್ನು ಮರಳಿ ತರಲು ಕ್ರಾನ್‌ಟ್ಯಾಬ್ ಆದೇಶಕ್ಕೆ ಆ ಕಡತದ ಹೆಸರನ್ನು ಕೊಟ್ಟರೆ ಆಯಿತು.