ಕೆಡವಿ ಕಟ್ಟುವ ಹಸಿರು

ಪರಿಸರದ ಹೆಸರಿನಲ್ಲಿ ನಡೆಯುವ ಸೋಗಿಗೆ ‘ಗ್ರೀನ್‌ವಾಶಿಂಗ್’ ಎಂಬ ಪದವೊಂದು ಇಂದು ಎಲ್ಲೆಡೆ ಬಳಕೆಯಲ್ಲಿದೆ. ಈ ಪದ ಹುಟ್ಟಿದ್ದು ಕಾರ್ಖಾನೆಯ ಹೊಗೆಯನ್ನು ಕಂಡಲ್ಲ. ಹೋಟೆಲಿನ ಸ್ನಾನದ ಮನೆಯಲ್ಲಿದ್ದ ಒಂದು ಚೀಟಿಯನ್ನು ಕಂಡು ಎಂಬುದು ಗಮನಾರ್ಹ. ಪ್ರಕೃತಿಯ ರಕ್ಷಣೆಗಾಗಿ ಒಂದೇ ಟವೆಲನ್ನು ಮತ್ತೆ ಬಳಸಿರೆಂದು ಅತಿಥಿಗಳನ್ನು ಕೋರುವ ಚೀಟಿ ಅದು. ಇದರಿಂದ ಉಳಿಯುವುದು ಪ್ರಕೃತಿಗಿಂತ ಹೆಚ್ಚಾಗಿ ಮಾಲೀಕನ ಒಗೆತದ ಖರ್ಚು ಎಂಬ ಅರ್ಥದಲ್ಲಿ ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ 1986ರಲ್ಲಿ ಈ ಪದವನ್ನು ಪ್ರಯೋಗಿಸಿದರು. ಅಂದಿನ ಚೀಟಿ ಇಂದು ಬೆಳೆದು ಇಡೀ ಕಟ್ಟಡವೇ ಆಗಿದೆ. ಹೆದ್ದಾರಿಯ ಬದಿಯ ಹಳೆಯ ಅಗ್ಗದ ಮೋಟೆಲೊಂದನ್ನು ನೆಲಸಮಗೊಳಿಸಿ, ಅದೇ ಸ್ಥಳದಲ್ಲಿ ಕಡಿಮೆ ವಿದ್ಯುತ್ತು ಬೇಡುವ, ಬಿಸಿಲಿನ ಫಲಕಗಳನ್ನು ಹೊತ್ತ ಹೊಸ ಹೋಟೆಲನ್ನು ಎಬ್ಬಿಸಿ, ಇದು ಭೂಮಿಯ ಸೇವೆಯೆಂದು ಫಲಕ ತೂಗುಹಾಕುವ ಪದ್ಧತಿಯನ್ನು ಇಲ್ಲಿ ವಿಮರ್ಶಿಸಬೇಕಾಗಿದೆ.

ಮೋಟೆಲು ಅಪ್ಪಟ ಅಮೆರಿಕದ ಸೃಷ್ಟಿ. ಮೋಟಾರು ಮತ್ತು ಹೋಟೆಲು ಎಂಬೆರಡು ಪದಗಳನ್ನು ಬೆಸೆದು, ವಾಸ್ತುಶಿಲ್ಪಿ ಆರ್ಥರ್ ಹೈನ್‌ಮನ್ 1925ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಲೂಯಿಸ್ ಒಬಿಸ್ಪೊ ಊರಿನಲ್ಲಿ ಇಂಥ ಮೊದಲ ತಂಗುದಾಣವನ್ನು ತೆರೆದರು. 1956ರ ಕಾಯಿದೆಯಿಂದ ಅಂತರರಾಜ್ಯ ಹೆದ್ದಾರಿಗಳ ಜಾಲ ಹಬ್ಬತೊಡಗಿದಂತೆ ಮೋಟೆಲುಗಳೂ ಹಬ್ಬಿದವು. 1962ರಲ್ಲಿ ಸಾಂಟಾ ಬಾರ್ಬರಾದಲ್ಲಿ ಆರಂಭವಾದ ‘ಮೋಟೆಲ್ 6’ ತನ್ನ ಹೆಸರಿನಲ್ಲಿಯೇ ಬಾಡಿಗೆಯನ್ನು ಸಾರಿತು: ರಾತ್ರಿಗೆ 6 ಡಾಲರು. ಅಲಂಕಾರವಿಲ್ಲ, ಊಟವಿಲ್ಲ, ಹಾಸಿಗೆ, ಬಚ್ಚಲು, ಬಾಗಿಲ ಮುಂದೆಯೇ ಕಾರು. ಬೆಲೆಗೆ ತಕ್ಕ ಸರಕು, ಅದರಲ್ಲಿ ವಂಚನೆಯೇನೂ ಇರಲಿಲ್ಲ.

ಕೆಡವುವವರ ಪಕ್ಷವನ್ನು ಮೊದಲು ನ್ಯಾಯವಾಗಿ ಹೇಳಬೇಕು. ಆ ಕಾಲದ ಗೋಡೆಗಳು ತೆಳು, ಕಿಟಕಿಗಳು ಒಂಟಿ ಗಾಜಿನವು. ಕಿಟಕಿಯ ಕೆಳಗಿನ ಗೋಡೆಯಲ್ಲಿ ಕೂರಿಸಿದ ಹವಾನಿಯಂತ್ರಣ ಯಂತ್ರ ಒಂದೆಡೆ ತಂಪನ್ನು ಕೊಡುತ್ತಿದ್ದರೆ, ಅದರ ಸುತ್ತಲಿನ ಸಂದಿನಿಂದ ತಂಪು ಹೊರಗೆ ಸೋರುತ್ತಿರುತ್ತದೆ. ಅನೇಕ ಕಡೆ ಚಾವಣಿಯಲ್ಲಿಯೂ ನೆಲಹಾಸಿನಲ್ಲಿಯೂ ಆರೋಗ್ಯಕ್ಕೆ ಮಾರಕವಾದ ಕಲ್ನಾರು ಇದೆ. ಇಂಥ ಕಟ್ಟಡವನ್ನು ವರ್ಷವರ್ಷವೂ ನಡೆಸುವುದಕ್ಕಿಂತ ಹೊಸದನ್ನು ಕಟ್ಟುವುದೇ ಲೇಸೆಂಬ ವಾದ ಮೇಲ್ನೋಟಕ್ಕೆ ಸಮಂಜಸವಾಗಿಯೇ ಕಾಣುತ್ತದೆ.

ಆದರೆ ಈ ಲೆಕ್ಕ ಆರಂಭವಾಗುವುದು ಹೊಸ ಕಟ್ಟಡದ ಬಾಗಿಲು ತೆರೆದ ದಿನದಿಂದ. ಅದಕ್ಕೆ ಮೊದಲಿನ ಪುಟಗಳನ್ನು ಯಾರೂ ತೋರಿಸುವುದಿಲ್ಲ. ಸಿಮೆಂಟನ್ನು ಸುಡಲು, ಉಕ್ಕನ್ನು ಕರಗಿಸಲು, ಗಾಜನ್ನು ಎರೆಯಲು, ಹಳೆಯದನ್ನು ಒಡೆದು ಸಾಗಿಸಲು ಹೊರಬಿದ್ದ ಇಂಗಾಲವೆಲ್ಲ ಖರ್ಚಿನ ಬಾಬತ್ತು. ಅದು ಕಟ್ಟಡ ಮುಗಿಯುವ ಮೊದಲೇ, ಒಂದೇ ಗಂಟಿನಲ್ಲಿ ಖರ್ಚಾಗಿ ಹೋಗಿರುತ್ತದೆ. ಜಮಾ ಮಾತ್ರ ವರ್ಷಕ್ಕಿಷ್ಟು ಎಂದು ಕಂತಿನಲ್ಲಿ ಬರತಕ್ಕದ್ದು. ಅದೂ ಯಂತ್ರಗಳು ಹೇಳಿದಂತೆ ನಡೆದರೆ, ಕೋಣೆಗಳು ತುಂಬಿದರೆ. ಇಂದು ಕೊಟ್ಟ ರೂಪಾಯಿಯೂ ಮೂವತ್ತು ವರ್ಷಗಳ ನಂತರ ಬರುವ ರೂಪಾಯಿಯೂ ಒಂದೇ ಅಲ್ಲವೆಂಬುದನ್ನು ಯಾವ ವರ್ತಕನಿಗೂ ಕಲಿಸಬೇಕಾಗಿಲ್ಲ. ಮುಂದಿನ ಕೆಲವೇ ದಶಕಗಳಲ್ಲಿ ಹೊರಸೂಸುವಿಕೆಯನ್ನು ತಗ್ಗಿಸಬೇಕೆಂದು ಜಗತ್ತು ಒದ್ದಾಡುತ್ತಿರುವಾಗ, ಇಂಗಾಲದ ವಿಷಯದಲ್ಲಂತೂ ಈ ವ್ಯತ್ಯಾಸ ಇನ್ನೂ ಕಠೋರವಾದುದು.

ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಟ್ರಸ್ಟು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಾಲ್ಕು ನಗರಗಳಲ್ಲಿ ಹಲವು ಬಗೆಯ ಕಟ್ಟಡಗಳನ್ನು ತೂಗಿ ನೋಡಿತು. ಹಳೆಯ ಕಟ್ಟಡಕ್ಕಿಂತ ಶೇಕಡಾ 30ರಷ್ಟು ಹೆಚ್ಚು ದಕ್ಷವಾದ ಹೊಸ ಕಟ್ಟಡವೊಂದು ತನ್ನ ನಿರ್ಮಾಣದಿಂದ ಹವಾಮಾನಕ್ಕಾದ ಹಾನಿಯನ್ನು ತೀರಿಸಲು 10ರಿಂದ 80 ವರ್ಷಗಳು ಬೇಕೆಂಬುದು ಅದರ ನಿರ್ಣಯ. ಮೋಟೆಲು ಅಲ್ಲಿ ಪರೀಕ್ಷಿತವಾದ ಬಗೆಗಳಲ್ಲಿ ಇರಲಿಲ್ಲ; ಸಂರಕ್ಷಣೆಯನ್ನೇ ವ್ರತವಾಗಿ ಹಿಡಿದ ಸಂಸ್ಥೆಯ ಅಧ್ಯಯನವೆಂಬುದನ್ನೂ ಮರೆಯಬಾರದು. ಆದರೂ ಅದರ ಪ್ರಾಮಾಣಿಕತೆಗೆ ಒಂದು ಸಾಕ್ಷಿಯಿದೆ: ಉಗ್ರಾಣವನ್ನು ವಾಸದ ಮನೆಗಳಾಗಿ ಮಾರ್ಪಡಿಸುವಾಗ ಹೊಸ ಸಾಮಗ್ರಿ ವಿಪರೀತವಾಗಿ ಬೇಕಾದುದರಿಂದ, ಅಲ್ಲಿ ಮರುಬಳಕೆಗೆ ಲಾಭವಿಲ್ಲವೆಂದೂ ಅದೇ ವರದಿ ಒಪ್ಪಿಕೊಂಡಿತು. ಹಳೆಯದೆಲ್ಲ ಒಳ್ಳೆಯದೆಂಬ ಭಾವುಕತೆ ಅದರಲ್ಲಿಲ್ಲ. ಈಗ ಯೋಚಿಸಬೇಕಾದುದು ಇಷ್ಟು. ಸಾಲ ತೀರಲು ನಲವತ್ತು ವರ್ಷ ಬೇಕಾದ ಕಟ್ಟಡವನ್ನು ಮೂವತ್ತೈದನೆಯ ವರ್ಷದಲ್ಲಿ ‘ಇದಕ್ಕಿಂತಲೂ ಹಸಿರಾದುದು ಬಂದಿದೆ’ ಎಂದು ಕೆಡವಿದರೆ, ಬಾಕಿಯನ್ನು ಯಾರ ಖಾತೆಗೆ ಬರೆಯುವುದು?

ಇದು ಕೇವಲ ಕಲ್ಪನೆಯಲ್ಲ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ 270ರಲ್ಲಿ 52 ಅಂತಸ್ತುಗಳ ಕಚೇರಿಯೊಂದಿತ್ತು. 1960ರ ಸುಮಾರಿಗೆ ಅದನ್ನು ಕಟ್ಟಿಸಿದ್ದು ಯೂನಿಯನ್ ಕಾರ್ಬೈಡ್ ಕಂಪೆನಿ; ಆ ಹೆಸರನ್ನು ಭಾರತೀಯರಿಗೆ ಪರಿಚಯಿಸಬೇಕಾಗಿಲ್ಲ. ನಂತರ ಜೆ.ಪಿ. ಮಾರ್ಗನ್ ಚೇಸ್ ಬ್ಯಾಂಕಿನ ವಶಕ್ಕೆ ಬಂದ ಆ ಕಟ್ಟಡ ಸಮಗ್ರ ನವೀಕರಣಗೊಂಡು, ಹಸಿರು ಕಟ್ಟಡಗಳಿಗೆ ಸಲ್ಲುವ ‘ಲೀಡ್’ ಶ್ರೇಣಿಯಲ್ಲಿ ಅತ್ಯುಚ್ಚವಾದ ಪ್ಲಾಟಿನಂ ಪದವಿಯನ್ನು ಪಡೆಯಿತು. ಆ ಪದವಿ ಬಂದು ಹತ್ತು ವರ್ಷವೂ ತುಂಬುವ ಮೊದಲೇ, 2019ರಿಂದ 2021ರ ಅವಧಿಯಲ್ಲಿ, ಅದನ್ನು ಬಿಚ್ಚಿಹಾಕಲಾಯಿತು. 2025ರಲ್ಲಿ ಅಲ್ಲಿ ಉದ್ಘಾಟನೆಗೊಂಡ 60 ಅಂತಸ್ತಿನ ಗೋಪುರದ ಹೆಗ್ಗಳಿಕೆಯೂ ಹಸಿರೇ: ಜಲವಿದ್ಯುತ್ತು, ಕೆಡವಿದ ಸಾಮಗ್ರಿಯ ಬಹುಪಾಲು ಮರುಬಳಕೆ. ಇಲ್ಲಿ ಒಂದು ವಿಚಿತ್ರವನ್ನು ಓದುಗರ ಗಮನಕ್ಕೆ ತರಬೇಕು. ಈ ಶ್ರೇಣಿಯ ಅಂಕಗಳಲ್ಲಿ ಕೆಡವಿದ ಅವಶೇಷವನ್ನು ಕಸದ ಗುಂಡಿಗೆ ಹಾಕದೆ ಮರುಬಳಕೆಗೆ ಕಳುಹಿಸಿದುದಕ್ಕೂ ಅಂಕವಿದೆ. ಹಳೆಯದನ್ನು ಉಳಿಸಿಕೊಂಡುದಕ್ಕೂ ಅಂಕವಿದೆ, ನಿಜ. ಆದರೆ ಉಳಿಸದೆ ಕೆಡವಿದವನೂ ಬರಿಗೈಯಲ್ಲಿ ಹಿಂತಿರುಗುವುದಿಲ್ಲ. ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ 2018ರಲ್ಲಿ ಅಲ್ಲಿ ಕಟ್ಟುವುದರಿಂದಲೂ ಕೆಡವುವುದರಿಂದಲೂ ಹುಟ್ಟಿದ ಅವಶೇಷ 60 ಕೋಟಿ ಟನ್ನು; ಅದರಲ್ಲಿ ಶೇಕಡಾ 90ಕ್ಕೂ ಹೆಚ್ಚು ಕೆಡವಿದ್ದರಿಂದಲೇ ಬಂದದ್ದು.

ಹಾಗಾದರೆ ಹಳೆಯ ಕಟ್ಟಡದಲ್ಲಿ ಹೊಸ ದಕ್ಷತೆ ಸಾಧ್ಯವೇ? ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿರುವ ಹೋಟೆಲ್ ಮಾರ್ಸೆಲ್ ಇದಕ್ಕೆ ಉತ್ತರ. ಮಾರ್ಸೆಲ್ ಬ್ರಾಯರ್ ವಿನ್ಯಾಸಗೊಳಿಸಿದ, 1970ರಲ್ಲಿ ಮುಗಿದ ಈ ಕಾಂಕ್ರೀಟ್ ಕಟ್ಟಡ ಮೂಲತಃ ಟೈರು ಕಂಪೆನಿಯೊಂದರ ಕಚೇರಿ. ಅದನ್ನು ಕೊಂಡ ಪೀಠೋಪಕರಣಗಳ ದೊಡ್ಡ ಕಂಪೆನಿಯೊಂದು ವಾಹನ ನಿಲ್ದಾಣಕ್ಕೆಂದು ಅದರ ಒಂದು ಪಾರ್ಶ್ವವನ್ನೇ ಕತ್ತರಿಸಿಹಾಕಿತ್ತು. ಉಳಿದ ಭಾಗ ವರ್ಷಗಟ್ಟಲೆ ಪಾಳು ಬಿದ್ದಿತ್ತು. ವಾಸ್ತುಶಿಲ್ಪಿ ಬ್ರೂಸ್ ಬೆಕರ್ ಅದನ್ನು ಕೊಂಡು, ಮೂರು ಪದರದ ಗಾಜು, ಉಷ್ಣನಿರೋಧಕ ಹೊದಿಕೆ, ಹೀಟ್ ಪಂಪು, ಸಾವಿರಕ್ಕೂ ಹೆಚ್ಚು ಸೌರಫಲಕಗಳನ್ನು ಅಳವಡಿಸಿ, 2022ರಲ್ಲಿ 165 ಕೋಣೆಗಳ ಹೋಟೆಲಾಗಿ ತೆರೆದರು. ಅಲ್ಲಿ ಅಡಿಗೆಗೂ ಬಿಸಿನೀರಿಗೂ ಅನಿಲ ಉರಿಯುವುದಿಲ್ಲ, ಎಲ್ಲವೂ ವಿದ್ಯುತ್ತು. ಹಸಿರೆಂಬುದು ಹೊಸತರ ಗುತ್ತಿಗೆಯಲ್ಲವೆಂದು ಇದು ತೋರಿಸಿಕೊಟ್ಟಿದೆ. ಆದರೆ ಈ ಉದಾಹರಣೆಯನ್ನು ಎಲ್ಲೆಡೆಗೂ ಎಳೆಯಲಾಗದು. ಬ್ರಾಯರನ ಕಾಂಕ್ರೀಟಿನ ಗಟ್ಟಿತನ ಮರದ ಚೌಕಟ್ಟಿನ ಮೋಟೆಲಿಗಿಲ್ಲ. ಅಲ್ಲದೆ ಅದು 6 ಡಾಲರಿನ ವಂಶಕ್ಕೆ ಸೇರಿದ ತಂಗುದಾಣವೂ ಅಲ್ಲ.

ಮೋಟೆಲನ್ನು ಕೆಡವಲು ಒಂದು ಸಬಲವಾದ ಕಾರಣ ಇರಬಹುದು, ಅದು ಸ್ಥಳ. ಎರಡೇ ಅಂತಸ್ತಿನ ಕಟ್ಟಡ, ಅದಕ್ಕಿಂತ ದೊಡ್ಡದಾದ ವಾಹನ ನಿಲ್ದಾಣ, ನಗರವೋ ಇಂದು ಅದರ ಸುತ್ತಲೂ ಬೆಳೆದಿದೆ. ರೈಲು ಬಸ್ಸುಗಳ ಸಮೀಪದಲ್ಲಿ ಅದೇ ನೆಲದ ಮೇಲೆ ಐದು ಪಟ್ಟು ಜನ ವಾಸಿಸುವಂತಾದರೆ ಕಾರಿನ ಓಡಾಟವೇ ತಗ್ಗೀತು. ಇದನ್ನು ಒಪ್ಪೋಣ. ಆದರೆ ಹೆದ್ದಾರಿಯ ತಿರುವಿನಲ್ಲಿ ಹೋಟೆಲನ್ನು ಕೆಡವಿ ಹೋಟೆಲನ್ನೇ ಕಟ್ಟುವಾಗ, ಅಲ್ಲಿಗೆ ಬರುವವರೆಲ್ಲ ಮೊದಲಿನಂತೆ ಕಾರಿನಲ್ಲಿಯೇ ಬರುವಾಗ, ಈ ವಾದಕ್ಕೆ ಆಧಾರವೆಲ್ಲಿ?

ಈ ವ್ಯವಹಾರ ನಮ್ಮವರಿಂದ ದೂರದ್ದೆಂದು ತಿಳಿಯಬೇಕಾಗಿಲ್ಲ. 1940ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಗ್ಗದ ಹೋಟೆಲುಗಳಿಂದ ಆರಂಭಿಸಿ ಗುಜರಾತಿನ ಪಟೇಲ ಕುಟುಂಬಗಳು ಮೋಟೆಲುಗಳನ್ನು ಕೊಂಡು, ಅಲ್ಲಿಯೇ ವಾಸಿಸಿ, ಹಾಸಿಗೆಯ ಬಟ್ಟೆಯನ್ನು ತಾವೇ ಒಗೆದು ಬೆಳೆದವು. ಎದುರು ಮೋಟೆಲಿನವರು ‘ಅಮೆರಿಕನ್ನರ ಒಡೆತನದ್ದು’ ಎಂದು ಫಲಕ ಹಾಕಿ ಗಿರಾಕಿಗಳನ್ನು ಸೆಳೆದ ಕಾಲವನ್ನೂ ಅವರು ಸಹಿಸಿದರು. 1989ರಲ್ಲಿ ಸ್ಥಾಪಿತವಾದ ಅವರ ಸಂಘ, ಆ ದೇಶದ ಹೋಟೆಲುಗಳಲ್ಲಿ ಶೇಕಡಾ 60ರಷ್ಟು ತನ್ನ ಸದಸ್ಯರವೆಂದು ಹೇಳಿಕೊಳ್ಳುತ್ತದೆ. 2024ರಲ್ಲಿ ಭಾರತದ ಓಯೋ ಕಂಪೆನಿ 52.5 ಕೋಟಿ ಡಾಲರಿಗೆ ಮೋಟೆಲ್ 6 ಸರಪಳಿಯನ್ನೇ ಖರೀದಿಸಿತು. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ನಿರ್ಧಾರ ಇಂದು ಎಷ್ಟೋ ಕಡೆ ಭಾರತೀಯ ಮೂಲದವರ ಮೇಜಿನ ಮೇಲೆಯೇ ಇದೆ.

ಆ ಮೇಜಿನ ಮೇಲಿನ ಕಾಗದಗಳಲ್ಲಿ ಒಂದು ಕಲಮು ಮಾತ್ರ ಕಾಣುವುದಿಲ್ಲ: ಆ ಕೋಣೆಯಲ್ಲಿ ಈಗ ಮಲಗಿರುವವನು. ಅಗ್ಗದ ಮೋಟೆಲಿನಲ್ಲಿರುವವರೆಲ್ಲ ಪ್ರಯಾಣಿಕರಲ್ಲ. ಮನೆ ಬಾಡಿಗೆಗೆ ಮುಂಗಡ ಹೊಂದಿಸಲಾಗದ ಕುಟುಂಬಗಳು ವಾರವಾರದ ಹಣ ಕಟ್ಟಿ ಅಲ್ಲಿ ಸಂಸಾರ ನಡೆಸುತ್ತಿವೆ. ಕ್ಯಾಲಿಫೋರ್ನಿಯದಲ್ಲಿ 30 ದಿನ ಕಳೆದರೆ ಬಾಡಿಗೆದಾರರ ಹಕ್ಕು ಬರುವುದರಿಂದ, 28ನೆಯ ದಿನ ಅವರನ್ನು ಹೊರಡಿಸಿ ಮತ್ತೆ ಸೇರಿಸಿಕೊಳ್ಳುವ, ಕಾನೂನು ನಿಷೇಧಿಸಿರುವ ಚಾಳಿಯೂ ಇದೆ. ಹೊಸ ಹಸಿರು ಹೋಟೆಲಿನ ದರದಲ್ಲಿ ಇವರಿಗೆ ಎಡೆಯಿಲ್ಲ. ಕಟ್ಟಡ ಉಳಿಸುವ ವಿದ್ಯುತ್ತಿನ ಪ್ರತಿ ಯೂನಿಟ್ಟನ್ನೂ ಎಣಿಸುವ ವರದಿಯಲ್ಲಿ ಇವರ ತಲೆಯೆಣಿಕೆಯಿಲ್ಲ.

ಅದೇ ಕ್ಯಾಲಿಫೋರ್ನಿಯ 2020ರಲ್ಲಿ ‘ಹೋಮ್‌ಕೀ’ ಎಂಬ ಯೋಜನೆಯನ್ನು ಆರಂಭಿಸಿತು. ಮಹಾಮಾರಿಯಿಂದ ಬರಿದಾಗಿದ್ದ ಹೋಟೆಲು ಮೋಟೆಲುಗಳನ್ನು ಕೊಳ್ಳಲು ಸ್ಥಳೀಯ ಆಡಳಿತಗಳಿಗೆ ಸರಕಾರವೇ ಹಣ ಕೊಟ್ಟಿತು. ಮೊದಲ ಸುತ್ತಿನಲ್ಲಿಯೇ ನಿರ್ಗತಿಕರಿಗಾಗಿ ಸುಮಾರು 6,000 ಮನೆಗಳು ಅಣಿಯಾದವು. ಅಲ್ಲಿಯ ಕೊರತೆಗಳು ಹಲವು: ದುರಸ್ತಿಯ ವೆಚ್ಚ ಅಂದಾಜನ್ನು ಮೀರುವುದು, ನಿರ್ವಹಣೆಗೆ ಹಣ ಸಾಲದಿರುವುದು. ಆದರೆ ಆ ಕೋಣೆಗಳಿಗೆ ಬೇಕಾದ ಗೋಡೆ, ಚಾವಣಿ, ನೀರು, ಬಚ್ಚಲು ಎಲ್ಲವೂ ಮೊದಲೇ ಇದ್ದವು; ಅನೇಕ ಕಡೆ ಹೊಸದಾಗಿ ಸೇರಿಸಬೇಕಾಗಿದ್ದುದು ಒಂದು ಪುಟ್ಟ ಅಡಿಗೆಯ ಕಟ್ಟೆ.