ಪದಕ ಬೇಡವೆಂದ ಅಡ್ಮಿರಲ್

ರಣರಂಗದ ಶೌರ್ಯಕ್ಕೆ ಕಣ್ಣಾರೆ ಕಂಡ ಸಾಕ್ಷಿಗಳಿರುತ್ತಾರೆ. ಹೊಣೆ ಹೊತ್ತು ದುಡಿದದ್ದಕ್ಕೆ ಸಾಕ್ಷಿ ಹುಡುಕುವುದು ಕಷ್ಟ. ಅಮೆರಿಕದ ನೌಕಾಪಡೆಗೆ 1919ರ ಫೆಬ್ರವರಿಯಲ್ಲಿ ಬಂದ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್ ಮೊದಲ ವರ್ಷದಲ್ಲೇ ಜಗಳಕ್ಕೆ ಸಿಕ್ಕಿದ್ದು ಇದರಿಂದಲೇ. ಮಹತ್ತರ ಹೊಣೆಗಾರಿಕೆಯ ಕರ್ತವ್ಯದಲ್ಲಿ ಅಸಾಧಾರಣ ಸೇವೆ ಸಲ್ಲಿಸಿರಬೇಕು ಎಂಬುದು ಅದರ ಷರತ್ತು. ಆ ಹೊಣೆಯನ್ನು ಅಳೆಯುವ ಬಗೆ ಹೇಗೆಂದು ಮಾತ್ರ ಷರತ್ತು ಹೇಳಲಿಲ್ಲ.

ರಿಯರ್ ಅಡ್ಮಿರಲ್ ಆಸ್ಟಿನ್ ನೈಟ್ ನೇತೃತ್ವದ ಮಂಡಳಿ ಕೊಟ್ಟ ಪದಕಾರ್ಹರ ಪಟ್ಟಿಯನ್ನು ನೌಕಾ ಕಾರ್ಯದರ್ಶಿ ಜೋಸೆಫಸ್ ಡೇನಿಯಲ್ಸ್ ತಿದ್ದಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಿಂದ ಅಮೆರಿಕದ ನೌಕಾಬಲವನ್ನು ನಡೆಸಿದ್ದ ಅಡ್ಮಿರಲ್ ವಿಲಿಯಂ ಸಿಮ್ಸ್ ಡಿಸೆಂಬರಿನಲ್ಲಿ ತಮಗೆ ಬಂದ ಪದಕವನ್ನೇ ನಿರಾಕರಿಸಿದರು. ವಿಷಯ ಸೆನೆಟ್ ವಿಚಾರಣೆಯವರೆಗೂ ಹೋಯಿತು. ಹಡಗು ಕಳೆದುಕೊಂಡ ಕಪ್ತಾನರಿಗೂ ಈ ಪದಕ ಕೊಟ್ಟದ್ದು ಸಿಮ್ಸ್ ಅವರ ಮುಖ್ಯ ಆಕ್ಷೇಪಗಳಲ್ಲೊಂದು. ಅಂಥವರಲ್ಲಿ ಒಬ್ಬರು ಡೇವಿಡ್ ಬ್ಯಾಗ್ಲಿ, ಸ್ವತಃ ಡೇನಿಯಲ್ಸ್ ಅವರ ಹೆಂಡತಿಯ ತಮ್ಮ.

ಭಾವಮೈದುನನ ಹೆಸರಿರುವ ಪಟ್ಟಿಯನ್ನು ಕಾರ್ಯದರ್ಶಿಯೇ ತಿದ್ದಿದ್ದು ತಪ್ಪು. ಅದರ ವಿರುದ್ಧ ಪದಕ ಬಿಟ್ಟ ಸಿಮ್ಸ್ ಅವರನ್ನು ನಾನು ಮೆಚ್ಚುತ್ತೇನೆ. ಆದರೆ ಹಡಗು ಮುಳುಗಿದ ಮಾತ್ರಕ್ಕೆ ಹೊಣೆಯೂ ಮುಳುಗಿತೆಂಬ ಅವರ ವಾದವನ್ನು ನಾನು ಒಪ್ಪಲಾರೆ.

ಬ್ಯಾಗ್ಲಿಯವರ ಜೇಕಬ್ ಜೋನ್ಸ್ ಹಡಗನ್ನೇ ನೋಡಿ. 1917ರ ಡಿಸೆಂಬರ್ 6ರಂದು ಜರ್ಮನ್ ಜಲಾಂತರ್ಗಾಮಿಯೊಂದರ ಟಾರ್ಪೆಡೊ ಬಡಿದು ಅದು ನಿಮಿಷಗಳಲ್ಲಿ ಮುಳುಗಿತು. ಮುಳುಗುವಾಗ ಅದರಲ್ಲಿದ್ದ ಡೆಪ್ತ್ ಚಾರ್ಜ್‌ಗಳು ನೀರಿನೊಳಗೆ ಸಿಡಿದು, ಹಾರಿ ಪಾರಾಗಿದ್ದವರನ್ನೂ ಕೊಂದವು. ಕೊರೆಯುವ ನೀರಿನಲ್ಲಿ ಸ್ಟಾಂಟನ್ ಕಾಲ್ಕ್ ಎಂಬ ಕಿರಿಯ ಲೆಫ್ಟಿನೆಂಟ್ ತೆಪ್ಪದಿಂದ ತೆಪ್ಪಕ್ಕೆ ಈಜಿದರು. ಒಂದರಲ್ಲಿ ಜನ ಹೆಚ್ಚಾದರೆ ಇನ್ನೊಂದಕ್ಕೆ ಕಳಿಸಿ ಭಾರ ಸರಿದೂಗಿಸುತ್ತ, ದಣಿದು, ಚಳಿಗೆ ಸಿಕ್ಕಿ ಸತ್ತರು. ಮರಣಾನಂತರ ಅವರಿಗೂ ಇದೇ ಪದಕ ಬಂತು. ಷರತ್ತಿನ ಮಾತಿಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಸೇವೆ ಯಾವುದಿದೆ? ಯಾವ ದೊಡ್ಡ ಹುದ್ದೆಯೂ ಇಲ್ಲದ ಆ ಹುಡುಗನ ಕೈಯಲ್ಲಿ ಅಂದು ಎಷ್ಟೋ ಜೀವಗಳಿದ್ದವು.

ಆಗಿನ ಕ್ರಮದಲ್ಲಿ ಈ ಪದಕದ ಸ್ಥಾನ ನೌಕಾಪಡೆಯ ಇನ್ನೊಂದು ಪದಕವಾದ ನೇವಿ ಕ್ರಾಸ್‌ಗಿಂತ ಮೇಲಿತ್ತು. 1942ರ ಆಗಸ್ಟ್‌ನಲ್ಲಿ ಕಾನೂನು ತಿದ್ದಿ ನೇವಿ ಕ್ರಾಸನ್ನು ಕದನಶೌರ್ಯಕ್ಕೇ ಮೀಸಲಿಟ್ಟು ಮೇಲಕ್ಕೇರಿಸಿದರು. ಅದು ನ್ಯಾಯವೇ. ಹೊಣೆಯ ಪದಕ ಮಾತ್ರ ಬರಬರುತ್ತ ಹಿರಿಯ ಅಧಿಕಾರಿಗಳ ಸೊತ್ತಾಯಿತು. ಅಡ್ಮಿರಲ್‌ಗಳು ಹುದ್ದೆ ಬಿಡುವಾಗ ಪಡೆಯುವ ಗೌರವವಾಯಿತು.

ನಮ್ಮ ಪರಮ ವಿಶಿಷ್ಟ ಸೇವಾ ಪದಕದ ಕಥೆಯೂ ಬಹಳ ಬೇರೆಯಲ್ಲ. 1960ರಲ್ಲಿ ಆರಂಭವಾದ ಅದು ನಿಯಮದಂತೆ ಎಲ್ಲ ದರ್ಜೆಯವರಿಗೂ ಸಲ್ಲಬಹುದು. ಗಣರಾಜ್ಯೋತ್ಸವದ ಪಟ್ಟಿ ತೆಗೆದರೆ ಕಾಣುವುದು ಬಹುಪಾಲು ಲೆಫ್ಟಿನೆಂಟ್ ಜನರಲ್‌ಗಳು ಮತ್ತು ಅವರ ಸಮಾನರು. ಅವರ ಯೋಗ್ಯತೆಯ ಬಗ್ಗೆ ನನ್ನ ತಕರಾರಿಲ್ಲ. ಹೆಸರಿನ ಪಕ್ಕದಲ್ಲಿ ಹುದ್ದೆಯ ಬದಲು, ಯಾವ ಗಳಿಗೆಯಲ್ಲಿ ಯಾವ ನಿರ್ಧಾರ ತೆಗೆದುಕೊಂಡರೆಂದು ನಾಲ್ಕು ಸಾಲು ಅಚ್ಚಾಗಲಿ. ಆಗ ಸುಬೇದಾರರೊಬ್ಬರ ಕೆಲಸವನ್ನೂ ಅದರ ಪಕ್ಕದಲ್ಲಿಟ್ಟು ತೂಗಬಹುದು.